ಐದು ಊರಿಗೆ ಒಂದು ಅಂಗಳ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಈ ಹೆಸರುಗಳನ್ನು ನೀವು ಓದಿರುತ್ತೀರಿ. ಅಲ್ಲೇನಿದೆ ಅಂತ ಕೇಳಿದರೆ ಹಡಗಲಿ ಮಲ್ಲಿಗೆ, ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ ಎಂದು ಜನ ಬೆರಳು ಮಡಿಸುತ್ತಾರೆ. ನಾಟಕದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನಾನು ಹೇಳಹೊರಟಿದ್ದು ಅದನ್ನೇ.

ಇಲ್ಲಿ ಮಳೆ ಕೈಕೊಟ್ಟರೂ ನಾಟಕ ಕೈಕೊಡುವುದಿಲ್ಲ, ನೋಡಿ. ಜಾತ್ರೆ ಹತ್ತಿರ ಬಂತೆಂದರೆ ಊರ ಹುಡುಗರು ಪೇಟಿ ಮಾಸ್ತರರನ್ನು ಕರೆಸಿ ತಾಲೀಮು ಶುರು ಮಾಡುತ್ತಾರೆ. ಪರದೆ ಬಾಡಿಗೆಗೆ, ಕಿರೀಟ ಬಾಡಿಗೆಗೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆ. ಆಕೆ ಬರುವುದು ಕೊನೇ ಗಳಿಗೆಯಲ್ಲಿ. ಗುರುತಿಲ್ಲದವರ ಮನೆಯ ಮೂಲೆಯಲ್ಲಿ ಸೀರೆ ಬದಲಿಸಿ, ರಾತ್ರಿಯೆಲ್ಲ ಹಾಡಿ, ಬೆಳಗಿನ ಬಸ್ಸು ಹಿಡಿಯುತ್ತಾಳೆ. ರಾತ್ರಿ ಚಪ್ಪಾಳೆ ತಟ್ಟಿದವರೇ ಬೆಳಿಗ್ಗೆ ನಳದ ಮುಂದೆ ನಿಂತು "ನಾಟಕದಾಕಿ" ಎಂದು ಮೂಗು ಮುರಿಯುತ್ತಾರೆ.

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ರಂಗನಟಿಯರ ಊರೆಂದೇ ಅದಕ್ಕೆ ಹೆಸರು. ಮಂಜಮ್ಮ ಜೋಗತಿ ನೆಲೆಸಿದ್ದೂ ಇಲ್ಲೇ. ಗಂಡುಮಗುವೆಂದು ಬೆಳೆಸಿದ ಮನೆಯಿಂದ ಹೊರಬಿದ್ದ ಅವರಿಗೆ ಕಾಳವ್ವ ಜೋಗತಿಯ ಮೇಳವೇ ತವರಾಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಆ ಮೇಳ ಬಾಗಿಲು ತೆರೆಯದೇ ಹೋಗಿದ್ದರೆ? ಯೋಚಿಸಿ.

ಹಡಗಲಿಯಲ್ಲಿ ವಕೀಲರಾಗಿದ್ದ ಎಂ. ಪಿ. ಪ್ರಕಾಶರು ರಂಗಭಾರತಿ ಕಟ್ಟಿದರು. ಮುಂದೆ ಅವರು ಉಪಮುಖ್ಯಮಂತ್ರಿಯಾದರು, 2011ರಲ್ಲಿ ತೀರಿಕೊಂಡರು. ರಾಜಕೀಯದ ಲೆಕ್ಕ ಬೇರೆಯವರು ಬರೆಯಲಿ. ಕಂಪನಿ ನಾಟಕದ ಈ ಸೀಮೆಯಲ್ಲಿ ಹವ್ಯಾಸಿಗಳಿಗೊಂದು ನೆಲೆ ಮಾಡಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಐದು ತಾಲೂಕಿಗೆ ಅದೊಂದೇ ಸಾಕೆ?

ಹೊಸ ಬಗೆಯ ನಾಟಕವೆಂದರೆ ಗಾಬರಿಯಾಗಬೇಡಿ. ಪರದೆಯಿಲ್ಲ, ಕಿರೀಟವಿಲ್ಲ, ಒಂದು ಸೀರೆಯನ್ನು ನೆಲಕ್ಕೆ ಹಾಸಿದರೆ ಅದೇ ತುಂಗಭದ್ರೆ. ನೋಡುವವರು ಸುತ್ತ ಕೂತಿರುತ್ತಾರೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಜಾಗ. ಜಾತ್ರೆಯ ನಾಟಕ ಕೆಟ್ಟರೆ ಪಟ್ಟಿ ಹಾಕಿದವರು ಬಿಡುತ್ತಾರೆಯೇ? ಹೊಸದನ್ನು ಮಾಡುವವರಿಗೆ ಕೆಟ್ಟರೂ ನಡೆದೀತು ಎನ್ನುವ ಅಂಗಳ ಬೇಕು. ಹೊಸ ಅಡಿಗೆಯನ್ನು ಮದುವೆ ಮನೆಯಲ್ಲಿ ಮೊದಲ ಸಲ ಮಾಡಿ ನೋಡುತ್ತೇವೆಯೇ ನಾವು? ಹಾಗೇ ಇದೂ.

ಹರಪನಹಳ್ಳಿ ಭೀಮವ್ವನನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತನೇ ಶತಮಾನದ ಆ ತಾಯಿಯ ಹಾಡುಗಳನ್ನು ಹಬ್ಬಕ್ಕೆ, ಆರತಿಗೆ ನಿಮ್ಮ ಅಜ್ಜಿ ಹಾಡಿರಬಹುದು. ಅವುಗಳಿಂದ ಹೆಂಗಸರೇ ಒಂದು ಆಟ ಕಟ್ಟಿದರೆ ಹೇಗಿರುತ್ತದೆ? ಕೂಡ್ಲಿಗಿಯ ನೆರೆಯ ಸಂಡೂರು ಸೀಮೆಯ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ; ಬುರ್ರಕಥೆಯ ಎಷ್ಟೋ ಕಾವ್ಯಗಳನ್ನು ನೆನಪಿನಲ್ಲೇ ಹೊತ್ತಿದ್ದರು. 2014ರಲ್ಲಿ ಹೋಗಿಬಿಟ್ಟರು. ಅಂಥವರ ಎದುರು ಹೊಸ ಹುಡುಗಿಯರು ಕೂತು ಕಲಿಯುವುದು ಬಸ್ ನಿಲ್ದಾಣದಲ್ಲಿ ಆಗುವ ಕೆಲಸವೇ?

ಸಣ್ಣ ಊರಲ್ಲಿ ಇದೆಲ್ಲ ನಡೆಯುವುದುಂಟೇ ಎನ್ನಬೇಡಿ. ಮಲೆನಾಡಿನ ಹೆಗ್ಗೋಡು ಅಡಿಕೆ ತೋಟದ ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು, ಕೆ. ವಿ. ಸುಬ್ಬಣ್ಣನವರು ಬೆಳೆಸಿದರು, 1980ರಲ್ಲಿ ನಾಟಕದ ಶಾಲೆಯೇ ಆಯಿತು. ಕೋಲಾರದ ಬೆಟ್ಟದ ಮೇಲೆ ಆದಿಮದವರು ಹುಣ್ಣಿಮೆ ರಾತ್ರಿ ಹಾಡು, ನಾಟಕ ಏರ್ಪಡಿಸುತ್ತ ಬಂದವರು.

ನನ್ನನ್ನು ಕೇಳಿದರೆ ಜಾಗಕ್ಕೆ ಕೊಟ್ಟೂರೇ ಸರಿ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳಿಂದ ರೈಲು ದಾರಿಯುಂಟು, ಕೂಡ್ಲಿಗಿ ಹತ್ತಿರ. ಹಡಗಲಿಯವರಿಗೆ ಸ್ವಲ್ಪ ದೂರವಾಗುತ್ತದೆ, ನಿಜ. ಅವರಿಗೆ ರಂಗಭಾರತಿ ಇದೆಯಲ್ಲ! ಹೊಸ ಕಟ್ಟಡದ ಕನಸು ಸದ್ಯಕ್ಕೆ ಬೇಡ. ಆಷಾಢದಲ್ಲಿ ಲಗ್ನಗಳಿಲ್ಲದೆ ಕಲ್ಯಾಣ ಮಂಟಪಗಳು ಬೀಗ ಹಾಕಿಕೊಂಡಿರುತ್ತವೆ. ಅಂಥದ್ದೊಂದನ್ನು ಕೇಳಿ ನೋಡಬಹುದು. ಬಾಡಿಗೆಯನ್ನು ಐದೂ ಊರಿನವರು ಚೀಟಿ ಹಾಕಿದ ಹಾಗೆ ಹಂಚಿಕೊಳ್ಳಲಿ, ಲೆಕ್ಕದ ಪುಸ್ತಕ ಎಲ್ಲರಿಗೂ ಕಾಣುವ ಕಡೆ ಇರಲಿ. ಒಂದೇ ತಂಡದ ಕೈಗೆ ಬೀಗದಕೈ ಹೋದರೆ ಎರಡನೇ ವರ್ಷಕ್ಕೆ ಜಗಳ ಖಂಡಿತ.

ತಾಲೀಮು ಮಧ್ಯಾಹ್ನ ಎರಡರಿಂದ ಐದರವರೆಗೆ ಇಡಿ. ಊಟದ ಪಾತ್ರೆ ತೊಳೆದಿಟ್ಟು ಬರಲು ನಮ್ಮಂಥವರಿಗೂ ಆಗುತ್ತದೆ. ಜಮಖಾನ, ಎರಡು ದೀಪ, ಕುಡಿಯುವ ನೀರು, ನೀರಿರುವ ಶೌಚಾಲಯ, ಇಷ್ಟು ಮೊದಲು. ಕೊನೇ ಬಸ್ಸು ತಪ್ಪಿದ ಕಲಾವಿದೆಗೆ ಮಲಗಲು ಒಂದು ಕೋಣೆ ಬೇಕೇ ಬೇಕು. ಅದರ ಚಿಲಕ ಒಳಗಡೆ ಇರಲಿ.