ಕೊಟ್ಟೂರಲ್ಲಿ ಉಳಿದ ತೇರು

2017ರ ಭರಣಿ ಮಳೆ. ಅಕ್ಷಯ ತದಿಗೆಯ ಮದುವೆಗಳು ಮುಗಿದು ಮೂರನೇ ದಿನ. ಮಧ್ಯಾಹ್ನವೆಲ್ಲ ಹರಪನಹಳ್ಳಿ ಕಾದ ಹೆಂಚಿನ ಹಾಗಿತ್ತು. ನಾಲ್ಕು ಗಂಟೆ ದಾಟುತ್ತಿದ್ದ ಹಾಗೆ ಉಚ್ಚಂಗಿದುರ್ಗದ ಕಡೆಯಿಂದ ಮೋಡ ಕಪ್ಪಗೆ ಎದ್ದು ಬಂತು. ಸ್ಟುಡಿಯೊದಲ್ಲಿ ನಾನೊಬ್ಬನೇ ಇದ್ದೆ. ಗುಡುಗು ಕೇಳಿದ ಕೂಡಲೇ ಮೇನ್ ಸ್ವಿಚ್ ಇಳಿಸಿದೆ, ಯುಪಿಎಸ್ ಆರಿಸಿದೆ, ಪ್ಲಗ್ ಕಿತ್ತೆ. ಗೋಡೆಯ ತೂತಿನಿಂದ ಒಳಗೆ ಬಂದಿದ್ದ ಟೆಲಿಫೋನ್ ತಂತಿ ಮಾತ್ರ ಹಾಗೇ ಇತ್ತು. ಆ ತಂತಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ, ಮೋಡೆಮ್‌ನಿಂದ ಹಳದಿ ಕೇಬಲ್ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಗೇಣುದ್ದದ ಇನ್ನೊಂದು ಕೇಬಲ್ ಬ್ಯಾಕಪ್ ಹಾರ್ಡ್ ಡಿಸ್ಕಿಗೆ.

ಸಿಡಿಲು ನಮ್ಮ ಬೀದಿಗೆ ಬೀಳಲಿಲ್ಲ, ಎಲ್ಲೋ ಊರಾಚೆ ಬಿತ್ತು. ಮೋಡೆಮ್ ಒಳಗೆ ಒಂದು ಸಲ ಚಟ್ ಅಂತ ಸದ್ದಾಯಿತು, ಅಷ್ಟೇ. ಆಮೇಲೆ ಸುಟ್ಟ ವಾಸನೆ.

ಮರುದಿನ ಕಂಪ್ಯೂಟರ್ ಏಳಲಿಲ್ಲ. ಬ್ಯಾಕಪ್ ಇದೆಯಲ್ಲ ಅಂತ ಹಾರ್ಡ್ ಡಿಸ್ಕನ್ನು ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಚ್ಚಿದೆ. ದೀಪವೇ ಬರಲಿಲ್ಲ. ಸ್ಕ್ರೂ ಬಿಚ್ಚಿ ನೋಡಿದರೆ ಹಸಿರು ಬೋರ್ಡಿನ ಮೇಲೆ ಜೋಳದ ಕಾಳಿನಷ್ಟು ಚಿಪ್ ಒಂದು ಗುಳ್ಳೆ ಎದ್ದು ಒಡೆದಿತ್ತು. ಬೆರಳಿಟ್ಟರೆ ಮಸಿ ಅಂಟಿತು. ಕಂಪ್ಯೂಟರಿನ ಡಿಸ್ಕನ್ನೂ ಬ್ಯಾಕಪ್ ಡಿಸ್ಕನ್ನೂ ಟವೆಲ್‌ನಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದೆ, ಎಸ್.ಪಿ. ರೋಡಿನ ರಿಪೇರಿ ಅಂಗಡಿಗಳಲ್ಲಿ ಎರಡು ದಿನ ಅಲೆದೆ. ಹೊರಗಿನ ಬೋರ್ಡಷ್ಟೇ ಆಗಿದ್ದರೆ ಬದಲಾಯಿಸಬಹುದಿತ್ತು, ಏಟು ಒಳಗಿನ ಹೆಡ್‌ತನಕ ಹೋಗಿದೆ ಅಂದರು. ಎರಡೂ ಬದುಕಲಿಲ್ಲ.

ನಾನು ಸ್ಟುಡಿಯೊ ಇಟ್ಟದ್ದು 1998ರಲ್ಲಿ, ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿದ ಮರುವರ್ಷ. 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಬೋರ್ಡಿನಲ್ಲಿ ಜಿಲ್ಲೆಯ ಹೆಸರು ಮೂರು ಸಲ ಬರೆಸಿದ್ದೇನೆ. ಶುರುವಿನಲ್ಲಿ ರೀಲಿನ ಕಾಲ. ನೆಗೆಟಿವ್ ನನ್ನ ತಗಡಿನ ಟ್ರಂಕಿನಲ್ಲಿ, ಆಲ್ಬಮ್ ಗಿರಾಕಿಯ ಮನೆಯಲ್ಲಿ. ಅಂಗಡಿ ಸುಟ್ಟರೂ ತೆಲಗಿಯಲ್ಲೋ ಅರಸೀಕೆರೆಯಲ್ಲೋ ಚಿಗಟೇರಿಯಲ್ಲೋ ಆ ಮದುವೆ ಉಳಿದಿರುತ್ತಿತ್ತು. ಯಾರೂ ಅದಕ್ಕೆ ಬ್ಯಾಕಪ್ ಅನ್ನುತ್ತಿರಲಿಲ್ಲ, ಆದರೆ ಅದು ಬ್ಯಾಕಪ್ಪೇ. ಡಿಜಿಟಲ್ ಬಂದ ಮೇಲೆ ಮೂಲವೂ ಪ್ರತಿಯೂ ಒಂದೇ ಮೇಜಿನ ಮೇಲೆ ಕೂತವು. ಕ್ಯಾಮೆರಾದ ಕಾರ್ಡನ್ನು ಮರುದಿನವೇ ಅಳಿಸಿ ಇನ್ನೊಂದು ಮದುವೆಗೆ ಒಯ್ಯಬೇಕು. ಆಲ್ಬಮ್ ಕೇಳುವವರು ಆರು ತಿಂಗಳಿಗೋ ವರ್ಷಕ್ಕೋ ಬರುತ್ತಾರೆ. ಆ ನಡುವಿನ ಕಾಲದಲ್ಲಿ ಒಂದು ಮನೆತನದ ಮದುವೆ ಇರುವುದು ನನ್ನ ಮೇಜಿನ ಮೇಲೆ ಮಾತ್ರ. ಈ ಭಾರ ನನಗೆ ಅಷ್ಟು ವರ್ಷ ತಟ್ಟಿರಲೇ ಇಲ್ಲ.

ಬೀರುವಿನಲ್ಲಿ ಡಿವಿಡಿಗಳಿದ್ದವು. ತೆಗೆದು ಒಂದೊಂದೇ ಹಾಕಿದೆ. ಮೂರರಲ್ಲಿ ಒಂದು ಓದಲಿಲ್ಲ. ನಮ್ಮೂರ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಅವು ಇದ್ದದ್ದೇ ತಪ್ಪು.

ಹೀಗೆ ಕೂತಿದ್ದಾಗ ಕೊಟ್ಟೂರಿನಿಂದ ಅಕ್ಕನ ಫೋನ್ ಬಂತು. "ಅಲ್ಲೋ, ಜಾತ್ರಿಗೆ ಬಂದಾಗ ನನ್ನ ಹತ್ರ ಒಂದು ಡಬ್ಬಿ ಕೊಟ್ಟಿದ್ದೆಲ್ಲ, ಅದರಾಗೇನೈತಿ?"

ಆ ಡಬ್ಬಿಯ ಕಥೆ ಅಮ್ಮನದು. ಅಮ್ಮ ಹರಪನಹಳ್ಳಿ ಭೀಮವ್ವನ ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಒಂದು ಮಳೆಗಾಲ ಗೆದ್ದಲು ಅರ್ಧ ತಿಂದಿತು. ಮೂರು ಮನೆಯ ಹೆಂಗಸರ ಬಾಯಿಂದ ಹಾಡಿಸಿಕೊಂಡು ಮತ್ತೆ ಬರೆದಳು, ಈ ಸಲ ಎರಡು ಪುಸ್ತಕ. ಒಂದನ್ನು ಅಕ್ಕನ ಮದುವೆಯಲ್ಲಿ ಅವಳ ಟ್ರಂಕಿಗೆ ಹಾಕಿ ಕೊಟ್ಟೂರಿಗೆ ಕಳಿಸಿದಳು. "ಒಂದು ಇಲ್ಲಿರಲಿ, ಒಂದು ಅಲ್ಲಿರಲಿ" ಅಂದಿದ್ದಳು. ನಾನು ಅದನ್ನು ನೋಡಿ, ವರ್ಷಕ್ಕೊಮ್ಮೆ ಕೊಟ್ಟೂರೇಶ್ವರನ ತೇರಿಗೆ ಹೋಗುವಾಗ ಒಂದು ಹಾರ್ಡ್ ಡಿಸ್ಕ್ ಒಯ್ದು ಅಕ್ಕನಿಗೆ ಕೊಡುವುದು, ಹಿಂದಿನ ವರ್ಷದ್ದನ್ನು ವಾಪಸು ತರುವುದು ರೂಢಿ ಮಾಡಿಕೊಂಡಿದ್ದೆ. ಕಂಗಾಲಾದವನಿಗೆ ಅದು ಮರೆತೇ ಹೋಗಿತ್ತು.

ಬಸ್ ಹತ್ತಿದೆ. ಅಕ್ಕ ಸೀರೆ ಟ್ರಂಕಿನ ತಳದಿಂದ ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ರವಿಕೆ ಬಟ್ಟೆಯಲ್ಲಿ ಸುತ್ತಿದ ಡಿಸ್ಕ್, ಪಕ್ಕದಲ್ಲೇ ಅಮ್ಮನ ಹಾಡಿನ ಪುಸ್ತಕ. ಲ್ಯಾಪ್‌ಟಾಪಿಗೆ ಹಚ್ಚಿದೆ. ನೀಲಿ ದೀಪ ಮಿಣುಕಿತು. ಫೋಲ್ಡರುಗಳು ಸಾಲುಸಾಲಾಗಿ ತೆರೆದುಕೊಂಡಾಗ ಕೈ ನಡುಗುತ್ತಿತ್ತು.

ಕೊನೆಯ ಫೋಲ್ಡರ್ 2017ರ ಫೆಬ್ರವರಿ 21ರದು. ಆ ದಿನವನ್ನು ನಮ್ಮ ಸೀಮೆಯವರು ಮರೆಯುವುದಿಲ್ಲ. ಮೂಲಾ ನಕ್ಷತ್ರದ ಸಂಜೆ, ಲಕ್ಷಾಂತರ ಜನರ ನಡುವೆ ಎಳೆಯುತ್ತಿದ್ದ ಕೊಟ್ಟೂರೇಶ್ವರನ ತೇರು ವಾಲಿ ಉರುಳಿಬಿತ್ತು. ನಾನು ಕ್ಯಾಮೆರಾ ಹಿಡಿದು ಅಲ್ಲೇ ಇದ್ದೆ. ರಾತ್ರಿ ಅಕ್ಕನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕಾರ್ಡಿನಲ್ಲಿದ್ದುದನ್ನು ಹಾಗೇ ಆ ಡಿಸ್ಕಿಗೆ ಇಳಿಸಿ, ಡಬ್ಬಿಗೆ ಹಾಕಿ ಬಂದಿದ್ದೆ. ಊರಿಗೆ ಬಂದು ಸ್ಟುಡಿಯೊದಲ್ಲೂ ಒಂದು ಪ್ರತಿ ಇಟ್ಟಿದ್ದೆ. ಅದು ಸಿಡಿಲಿಗೆ ಹೋಯಿತು. ನೆಟ್ಟಗೆ ನಿಂತ ಆ ಹಳೆಯ ತೇರು, ಬಾವುಟ, ಹೂವಿನ ಹಾರ, ಮಿಣಿ ಹಿಡಿದ ಕೈಗಳು, ನನ್ನ ಪಾಲಿಗೆ ಅವೆಲ್ಲ ಉಳಿದದ್ದು ಆ ಡಬ್ಬಿಯಲ್ಲಿ ಮಾತ್ರ. ಅಕ್ಕ ಪರದೆಗೆ ಕೈಮುಗಿದಳು.

ಆದರೆ ಫೆಬ್ರವರಿ 21ರಿಂದೀಚೆಗೆ ಅದರಲ್ಲಿ ಏನೂ ಇರಲಿಲ್ಲ. ಯುಗಾದಿಗೆ ಒಯ್ಯಬೇಕೆಂದಿದ್ದೆ, ಹೋಗಲಿಲ್ಲ. ಆ ಎರಡು ಚಿಲ್ಲರೆ ತಿಂಗಳಲ್ಲಿ ಹದಿನಾಲ್ಕು ಮದುವೆ. ಹದಿನಾಲ್ಕೂ ಮನೆಗೆ ನಾನೇ ಹೋದೆ. ಮುಂಗಡ ವಾಪಸು ಕೊಟ್ಟೆ. ಕೆಲವರು ಬೈದರು, ಅವರ ಬೈಗುಳ ನ್ಯಾಯವೇ. ಅರಸೀಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಮದುಮಗಳ ಅಪ್ಪ ಮದುವೆಯಾಗಿ ತಿಂಗಳೊಳಗೇ ತೀರಿಕೊಂಡಿದ್ದರು. ಆ ತಾಯಿ ಬಾಗಿಲಲ್ಲೇ ಕೇಳಿದರು, "ಧಾರಿ ಎರಿಯೋದು ಒಂದಾದ್ರೂ ಐತೇನ್ರೀ?" ನನ್ನ ಹತ್ತಿರ ಇರಲಿಲ್ಲ. ನೆಂಟರ ಮೊಬೈಲುಗಳನ್ನೆಲ್ಲ ಹುಡುಕಿ ಮೂವತ್ತೊಂದು ಚಿತ್ರ ಕೂಡಿಸಿ ಆಲ್ಬಮ್ ಮಾಡಿಕೊಟ್ಟೆ. ಧಾರೆಯದು ಒಂದು ಸಿಕ್ಕಿತು. ಯಾರದೋ ತಲೆ ಅಡ್ಡ ಬಂದು ಅಪ್ಪನ ಮುಖ ಅರ್ಧ ಮುಚ್ಚಿತ್ತು.

ಅದೇ ವರ್ಷದ ಮೇ 12ರಂದು ವನ್ನಾಕ್ರೈ ಎಂಬ ವೈರಸ್ ಲೋಕದ ಎಷ್ಟೋ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತು. ಅಂಥದ್ದು ಹೊಕ್ಕರೆ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕಿಗೂ ಬೀಗ ಬೀಳುತ್ತದೆ. ಸಿಡಿಲೇ ಬೇಕಿಲ್ಲ. ಅವತ್ತಿನಿಂದ ಪ್ರತಿ ಮುಗಿದ ತಕ್ಷಣ ಡಿಸ್ಕ್ ಕಿತ್ತು ಬೇರೆ ಇಡುತ್ತೇನೆ.

ಮೆಕ್ಕೆಜೋಳದ ದಲ್ಲಾಲಿ ಅಂಗಡಿಯ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಅವನ ಲೆಕ್ಕವೆಲ್ಲ ಟ್ಯಾಲಿಯಲ್ಲಿ. "ನಾನು ದಿನಾ ಬ್ಯಾಕಪ್ ತಗೋತೀನಿ" ಅಂದ. ಎಲ್ಲಿ ಅಂದರೆ ಡಿ ಡ್ರೈವಿನಲ್ಲಿ! ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆ. ಮನೆ ಬಿದ್ದರೆ ಎರಡೂ ಬೀಳುತ್ತವೆ. ಜುಲೈ 1ಕ್ಕೆ ಜಿಎಸ್‌ಟಿ ಬರುವುದಿತ್ತು. ದಾಖಲೆ ನಾಶವಾದರೂ ಮತ್ತೆ ಸಿಗುವ ಹಾಗೆ ಪ್ರತಿ ಇಟ್ಟಿರಬೇಕೆಂದು ಅದರ 57ನೇ ನಿಯಮವೇ ಹೇಳುತ್ತದೆ. ಅವನ ಇಡೀ ವರ್ಷದ ಲೆಕ್ಕ ಕೆಲವೇ ಎಂಬಿ. ನಿಧಾನದ ಲೈನಿನಲ್ಲೂ ನಿಮಿಷಗಳಲ್ಲಿ ಆನ್‌ಲೈನ್ ಜಾಗಕ್ಕೆ ಹೋಯಿತು. ಅವನಿಗೆ ಕೊಟ್ಟೂರು ಬೇಕಿರಲಿಲ್ಲ.

ನನಗೆ ಬೇಕಿತ್ತು. ಒಂದು ಮದುವೆ, ವಿಡಿಯೊ ಸೇರಿ, ಅರವತ್ತು ಜಿಬಿ. ಆಗಿನ ಒಂದು ಎಂಬಿಪಿಎಸ್ ಅಪ್‌ಲೋಡಿನಲ್ಲಿ, ಕರೆಂಟು ಒಂದು ಕ್ಷಣವೂ ಹೋಗದಿದ್ದರೆ, ಐದೂವರೆ ದಿನ. ಅಷ್ಟರಲ್ಲಿ ಇನ್ನೆರಡು ಮದುವೆ ಬಂದಿರುತ್ತವೆ. ಬಸ್ಸಿನಲ್ಲಿ ಹೋಗುವ ಡಿಸ್ಕ್ ಒಂದು ತಾಸಿನಲ್ಲಿ ಹತ್ತು ಮದುವೆ ಒಯ್ಯುತ್ತದೆ. ಈಗ ಫೈಬರ್ ಬಂದಿದೆ. 50 ಎಂಬಿಪಿಎಸ್ ವೇಗ ಸಿಕ್ಕರೆ ಅದೇ ಅರವತ್ತು ಜಿಬಿ ಎರಡೂ ಮುಕ್ಕಾಲು ಗಂಟೆಯೊಳಗೆ ಏರುತ್ತದೆ, ಹಾಗಾಗಿ ಮದುವೆ ರಾತ್ರಿಯೇ ಏರಿಸಿ ಮಲಗುತ್ತೇನೆ. ಆದರೂ ಮೇಜಿನ ಪಕ್ಕದ ಡಿಸ್ಕ್ ಬಿಟ್ಟಿಲ್ಲ. ಒಂದು ಟಿಬಿ ಪೂರ್ತಿ ಹೋದರೆ ಇಂಟರ್ನೆಟ್ಟಿನಿಂದ ಇಳಿಸಲು ಎರಡು ದಿನ ಬೇಕು, ಪಕ್ಕದ ಡಿಸ್ಕಿನಿಂದ ಮೂರು ತಾಸು. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಆ ಮೂರು ತಾಸೇ ದೊಡ್ಡದು.

ಅಕ್ಕನ ಡಬ್ಬಿಯ ಡಿಸ್ಕ್ ಈಗ ವರ್ಷಕ್ಕಲ್ಲ, ತಿಂಗಳಿಗೆರಡು ಸಲ ಬದಲಾಗುತ್ತದೆ. ಹೋದಾಗಲೆಲ್ಲ ಅಲ್ಲೇ ಕೂತು ಯಾವುದಾದರೂ ನಾಲ್ಕು ಚಿತ್ರ ತೆರೆದು ನೋಡಿ ಬರುತ್ತೇನೆ.

ಸ್ಟುಡಿಯೊ, ಗೊಬ್ಬರದಂಗಡಿ, ದಲ್ಲಾಲಿ ಅಂಗಡಿ, ಏನೇ ಇಟ್ಟಿರಿ, ಇವತ್ತು ಬಾಗಿಲು ಹಾಕುವ ಮುಂಚೆ ಒಂದನ್ನು ನೋಡಿಕೊಳ್ಳಿ: ನಿಮ್ಮ ಇನ್ನೊಂದು ಪ್ರತಿ ಯಾವ ಊರಲ್ಲಿದೆ?