ಒಂದು ಕೋಟಿನ ಒಳಮೈ

ಲಂಡನ್,
ನವೆಂಬರ್ ತಿಂಗಳ ಎರಡನೆಯ ಭಾನುವಾರ

ತೀರ್ಥರೂಪರಾದ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ಇಳಕಲ್ಲಿನಲ್ಲಿ ತಾವೂ ಅತ್ತೆಯವರೂ ಆಯಿಯೂ ಕ್ಷೇಮದಿಂದಿರುವ ವರ್ತಮಾನಕ್ಕೆ ಕಾದಿರುವೆನು. ನಾನು ಹೊರಡುವ ಮುನ್ನ ತಾವು, ಅಂಗಿ ಹೊಲಿಯುವುದನ್ನು ಕಲಿಯಲು ಸಪ್ತಸಾಗರಗಳನ್ನು ದಾಟಬೇಕೆ, ನಮ್ಮ ಬಜಾರದ ದರ್ಜಿ ಏನು ಕಡಿಮೆಯವನೆ ಎಂದು ಕೇಳಿದ್ದಿರಿ. ಆ ಪ್ರಶ್ನೆ ನ್ಯಾಯವಾದುದೇ. ಕಾಗದದ ಮೇಲೆ ಅಳತೆಯ ನಮೂನೆ ಬರೆಯುವುದು, ಅಗ್ಗದ ಕೋರಾ ಬಟ್ಟೆಯಲ್ಲಿ ಮೊದಲೊಂದು ಕರಡು ಉಡುಪನ್ನು ಹೊಲಿದು ಗೊಂಬೆಯ ಮೈಗೆ ತೊಡಿಸಿ ನೋಡುವುದು, ಬಟ್ಟೆಯನ್ನು ಹಾಸಿನ ನೇರಕ್ಕೆ ಕತ್ತರಿಸಿದರೆ ಹೇಗೆ ನಿಲ್ಲುವುದು, ಓರೆಯಾಗಿ ಕತ್ತರಿಸಿದರೆ ಹೇಗೆ ಜೋಲುವುದು ಎಂಬ ಮರ್ಮ, ಇವಿಷ್ಟನ್ನು ಅವನೂ ಬಲ್ಲ. ಕೆಲವನ್ನು ನನ್ನ ಅಧ್ಯಾಪಕರಿಗಿಂತ ಚೆನ್ನಾಗಿಯೇ ಬಲ್ಲ. ಆದರೆ ಗಿರಾಕಿ ಹೇಳಿದುದನ್ನು ಹೊಲಿದುಕೊಡುವ ಅವನನ್ನು, ಇದು ಏಕೆ ಹೀಗಿದೆಯೆಂದು ಯಾರೂ ನಿಲ್ಲಿಸಿ ಕೇಳುವುದಿಲ್ಲ. ಇಲ್ಲಿ ನನ್ನ ಶಾಲೆಯಲ್ಲಿ ದಿನವೂ ಕೇಳುತ್ತಾರೆ.

ಕಳೆದ ತಿಂಗಳು ನನ್ನ ಮೊದಲ ಕೋಟನ್ನು ಎಲ್ಲರೆದುರು ವಿಮರ್ಶೆಗೆ ಇಡಬೇಕಾಗಿ ಬಂದಿತು. ಕಪ್ಪು ಉಣ್ಣೆಯ ಆ ಕೋಟಿನ ಬೆನ್ನಿಗೆ ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ತುಂಡು, ತೋಳಿನ ತುದಿಗೆ ಗೋಮಿ ಅಂಚು, ಕೊರಳಪಟ್ಟಿಯ ಮೇಲೆ ಕಸೂತಿಯ ಗೋಪುರ, ಹೀಗೆ ನಮ್ಮೂರಿನ ಸಂಪತ್ತನ್ನೆಲ್ಲ ಹೇರಿ, ಜಾತ್ರೆಯ ಎತ್ತಿನಂತೆ ಸಿಂಗರಿಸಿ, ಇದೇ ನನ್ನತನವೆಂದು ಎದೆಯುಬ್ಬಿಸಿ ನಿಂತಿದ್ದೆನು. ಅಧ್ಯಾಪಕಿಯೊಬ್ಬರು ಕೋಟನ್ನು ಕೈಗೆತ್ತಿಕೊಂಡು, ಹೊರಮೈಯನ್ನು ಹೆಚ್ಚು ನೋಡದೆ ಒಳಮೈಯನ್ನು ತಿರುವಿ, ಅಸ್ತರಿನ ಕೆಳಗೆ ನಾನು ಬಚ್ಚಿಟ್ಟಿದ್ದ ಗಂಟುಗಳನ್ನೂ ಎಳೆತುದಿಗಳನ್ನೂ ಬೆರಳಿನಿಂದ ತಡವಿ, ‘ಇಂಥದನ್ನು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಳ್ಳಬಹುದಿತ್ತು’ ಎಂದಷ್ಟೇ ಹೇಳಿ ಮುಂದಿನವರತ್ತ ನಡೆದುಬಿಟ್ಟರು. ಆ ರಾತ್ರಿ ಅತ್ತೆಯವರು ಕಟ್ಟಿಕೊಟ್ಟ ಶೇಂಗಾ ಚಟ್ನಿಯೂ ರುಚಿಸಲಿಲ್ಲ.

ಅವರು ನಮ್ಮ ಕಲೆಯನ್ನು ಹಳಿದರೆಂದು ನಾಲ್ಕು ದಿನ ಕೋಪದಲ್ಲಿಯೇ ಕಳೆದೆನು. ಆಮೇಲೆ ಇಲ್ಲಿನ ಗ್ರಂಥಾಲಯವೊಂದರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬ ವೈದ್ಯನು 1866ರಲ್ಲಿ ಸಿದ್ಧಪಡಿಸಿದ ಸಂಪುಟಗಳ ವೃತ್ತಾಂತವನ್ನು ಓದಿದೆನು. ಭಾರತದ ನಾನಾ ಪ್ರಾಂತಗಳ ಬಟ್ಟೆಗಳನ್ನು ಕತ್ತರಿಸಿ, 700 ತುಣುಕುಗಳನ್ನು 18 ಸಂಪುಟಗಳಲ್ಲಿ ಜೋಡಿಸಿ, ಅಂತಹ 20 ಪ್ರತಿಗಳನ್ನು ಮಾಡಿಸಿ, 13ನ್ನು ಬ್ರಿಟನ್ನಿಗೂ 7ನ್ನು ಭಾರತಕ್ಕೂ ಹಂಚಿದರಂತೆ. ಇಲ್ಲಿನ ಗಿರಣಿಗಳವರು ನಮ್ಮವರ ಅಭಿರುಚಿಯನ್ನರಿತು ಅಂಥದನ್ನೇ ನೇಯ್ದು ನಮಗೇ ಮಾರಲೆಂಬುದು ಅದರ ಉದ್ದೇಶ. ತಾವು ಇತಿಹಾಸ ಪಾಠ ಹೇಳುವಾಗ ಗಿರಣಿಗಳವರನ್ನು ಬೈಯುತ್ತಿದ್ದ ಪರಿ ನನಗೆ ನೆನಪಿದೆ. ಆದರೆ ಮಾವ, ಸೀರೆಯಿಂದ ಅಂಗೈಯಗಲದ ತುಣುಕನ್ನು ಕತ್ತರಿಸಿ ಇನ್ನೊಂದರ ಮೇಲೆ ಅಂಟಿಸಿದ ನಾನು ಮಾಡಿದುದೂ ಅದನ್ನೇ ಅಲ್ಲವೆ?

ಮರುವಾರ ಕಿಂಗ್ಸ್ ಕ್ರಾಸಿಗೆ ಹೋಗಿದ್ದೆನು. ಅಲ್ಲಿ 1852ರ ಒಂದು ಗೋಧಿಯ ಉಗ್ರಾಣವಿದೆ. ಕಾಲುವೆಯ ದೋಣಿಗಳು ಹಿಂದೆ ಕಟ್ಟಡದ ಅಡಿಗೇ ಬರುತ್ತಿದ್ದುವಂತೆ. ಈಗ ಅದು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಎಂಬ ಕಲಾಶಾಲೆಯ ಮುಂಭಾಗ. ಸೈಪ್ರಸ್ ದ್ವೀಪದಿಂದ ಬಂದ ಹುಸೇನ್ ಚಲಾಯನ್ ಎಂಬಾತ ಆ ಶಾಲೆಯಲ್ಲಿ ಓದಿ, 1993ರಲ್ಲಿ ತನ್ನ ಅಂತಿಮ ಪರೀಕ್ಷೆಯ ಉಡುಪುಗಳನ್ನು ಕಬ್ಬಿಣದ ಪುಡಿಯೊಡನೆ ತೋಟದಲ್ಲಿ ಹೂತು, ತುಕ್ಕು ಹಿಡಿದ ಬಳಿಕ ಅಗೆದು ತೆಗೆದು ಪ್ರದರ್ಶಿಸಿದನು. ಆಯಿ ಕೇಳಿದರೆ ಇವನಿಗೇನು ಹುಚ್ಚೆ ಎಂದಾಳು. ನನಗೂ ಅವು ತೊಡಬೇಕೆನ್ನಿಸುವ ಬಟ್ಟೆಗಳಾಗಿ ಕಾಣಲಿಲ್ಲ. ಆದರೂ ಆತನು ತನ್ನ ದ್ವೀಪದ ಚಿತ್ತಾರವೊಂದನ್ನು ತಂದು ಮೆತ್ತದೆ, ಬಟ್ಟೆಯನ್ನೇ ಒಂದು ಅನುಭವಕ್ಕೆ ಒಡ್ಡಿದನೆಂಬುದು ಮನಸ್ಸಿನಲ್ಲಿ ಉಳಿಯಿತು.

ಹಾಗಾದರೆ ನನ್ನದೆಂಬುದು ಯಾವುದು? ಹಾಸಿಗೆಯಲ್ಲಿ ಹೊರಳುತ್ತ ಯೋಚಿಸುವಾಗ ಕಣ್ಣಿಗೆ ಕಟ್ಟಿದುದು ಗೋಪುರವೂ ಅಲ್ಲ, ತೇರೂ ಅಲ್ಲ; ಪಡಸಾಲೆಯ ಬೆಳಕಿನಲ್ಲಿ ಕುಳಿತು, ಗೆರೆಯೆಳೆಯದೆ, ಬಟ್ಟೆಯ ಎಳೆಗಳನ್ನೇ ಎಣಿಸುತ್ತ, ಒಂದು ಗಂಟನ್ನೂ ಹಾಕದೆ ಕಸೂತಿಯ ಗವಂತಿ ಹೊಲಿಗೆ ಹಾಕುವ ಆಯಿ. ಅವಳ ಕೆಲಸಕ್ಕೆ ಹೊರಮೈ ಒಳಮೈಯೆಂಬ ಭೇದವಿಲ್ಲ. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕುಣಿಕೆ ಸಿಕ್ಕಿಸಿ ಅವಳು ಕೊಂಡಿ ಹಾಕುವುದೂ ಹಾಗೆಯೇ: ಹೊಲಿಗೆಯಿಲ್ಲದೆಯೇ ಎರಡು ಬಟ್ಟೆ ಒಂದಾಗುತ್ತವೆ. ಅಸ್ತರಿನಡಿಯಲ್ಲಿ ಏನನ್ನೂ ಬಚ್ಚಿಡದ, ತಿರುವಿ ತೊಟ್ಟರೂ ಲಜ್ಜೆಪಡಬೇಕಿಲ್ಲದ ಒಂದು ಕೋಟನ್ನು ಮಾಡಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆನು.

ನಿಶ್ಚಯಿಸಿದುದು ಸುಲಭವಾಯಿತು. ತೋಳಿನ ಅಂಚಿನ ಎಳೆಗಳನ್ನು ಬಿಡಿಸಿ, ಭುಜದ ಅಂಚಿನ ಎಳೆಗಳಿಗೆ ಕೊಂಡಿ ಹಾಕುತ್ತ ಮೂರು ರಾತ್ರಿ ಕುಳಿತು ನಾಲ್ಕು ಬೆರಳಿನಷ್ಟನ್ನು ಕೂಡಿಸಿದೆನು. ಗೊಂಬೆಯ ಮೈಗೆ ತೊಡಿಸಿ ತೋಳನ್ನೆತ್ತಿದೊಡನೆ ಅದು ಸರಸರನೆ ಬಿಚ್ಚಿಕೊಂಡಿತು. ಮಗ್ಗದ ಮೇಲಾದರೆ ಹಾಸು ಬಿಗಿಯಾಗಿ ನಿಂತಿರುತ್ತದೆ, ಕೊಂಡಿಯ ಮೇಲೆ ಹೊಕ್ಕಿನ ಎಳೆ ಬಂದು ಕೂರುತ್ತದೆ; ನೇಯ್ದು ಮುಗಿದ ಬಟ್ಟೆಗೆ ಆ ಎರಡೂ ಇಲ್ಲವೆಂಬ ಇಷ್ಟು ಸರಳವಾದ ಸಂಗತಿ, ಮಗ್ಗದ ಸದ್ದಿನಲ್ಲಿಯೇ ಬೆಳೆದ ನನಗೆ ತಿಳಿದಿರಲಿಲ್ಲ. ಆದುದರಿಂದ ಕೋಟನ್ನು ಕತ್ತರಿಸುವುದಕ್ಕಿಂತ ಮೊದಲೇ, ತೋಳನ್ನೂ ಒಡಲನ್ನೂ ಮಗ್ಗದ ಮೇಲೆಯೇ ಕೂಡಿಸಬಹುದೆ ಎಂದು ಯೋಚಿಸುತ್ತಿರುವೆನು.

ಇದಕ್ಕಾಗಿ ತಮ್ಮಲ್ಲೊಂದು ಬಿನ್ನಹ. ಆಯಿ ಕೊಂಡಿ ಹಾಕುವಾಗ ಅವಳ ಬೆನ್ನ ಹಿಂದೆ ನಿಂತು, ಎರಡು ಕೈಗಳೂ ಕಾಣುವಂತೆ ತಮ್ಮ ಮೊಬೈಲಿನಲ್ಲಿ ಚಿತ್ರೀಕರಿಸಿ ಕಳುಹಿಸಬೇಕು. ಎಡಗೈಯ ಹೆಬ್ಬೆರಳು ಎಲ್ಲಿರುತ್ತದೆಂಬುದು ಎಷ್ಟು ನೆನೆದರೂ ನನಗೆ ಹೊಳೆಯದು. ಅವಳನ್ನು ಕೇಳಬೇಡಿರಿ, ಕೇಳಿದರೆ ಅವಳಿಗೂ ತಪ್ಪಿಹೋದೀತು.

ಇತಿ ತಮ್ಮ ಸೋದರ ಸೊಸೆ