ಓಲಗದ ಊರಲ್ಲಿ ಜಾಝ್

ನಮ್ಮೂರಲ್ಲಿ ಸ್ಯಾಕ್ಸೋಫೋನ್ ಅಂದ್ರೆ ಜಾಝ್ ನೆನಪಾಗೋದಿಲ್ಲ, ಮದುವೆ ನೆನಪಾಗುತ್ತೆ. ಬೈಂದೂರಿನಿಂದ ಕುಂದಾಪುರದವರೆಗೆ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಓಲಗದವರ ಸಾಲಿನಲ್ಲಿ ಒಬ್ಬರ ಕೈಲಿ ಸ್ಯಾಕ್ಸೋಫೋನ್ ಹೊಳೀತಾ ಇರುತ್ತೆ. ದೇವಸ್ಥಾನದ ಉತ್ಸವಕ್ಕೂ ಅದೇ. ಅಡಾಲ್ಫ್ ಸ್ಯಾಕ್ಸ್ ಅನ್ನುವ ಬೆಲ್ಜಿಯಂನವನೊಬ್ಬ 1846ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆ ಪೇಟೆಂಟ್ ತಗೊಂಡ ಅಂತ ಚಿಕ್ಕಂದಿನಲ್ಲಿ ಯಾರಾದ್ರೂ ಹೇಳಿದ್ರೆ ನಾನು ನಗ್ತಿದ್ದೆನೋ ಏನೋ.

ಇದಕ್ಕೆಲ್ಲ ಕಾರಣ ಕದ್ರಿ ಗೋಪಾಲನಾಥರು. ಬಂಟ್ವಾಳ ಕಡೆಯವರು, ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಹತ್ತಿರ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ ಕಲಿತು, ಗಮಕವೇ ಒಪ್ಪದ ಆ ಹಿತ್ತಾಳೆ ವಾದ್ಯದಲ್ಲಿ ಕರ್ನಾಟಕ ಸಂಗೀತ ಹೊರಡಿಸೋಕೆ ವರ್ಷಗಟ್ಟಲೆ ಒದ್ದಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಅವರನ್ನು ಕೇಳಿ ಕರಾವಳಿಯ ಎಷ್ಟೋ ಓಲಗದ ಮನೆಗಳಿಗೆ ಸ್ಯಾಕ್ಸೋಫೋನ್ ಬಂತು.

ನನಗೆ ಜಾಝ್ ಸಿಕ್ಕಿದ್ದು ಇದೇ ದಾರಿಯಲ್ಲಿ, ಹಿಂದುಮುಂದಾಗಿ. ಉಳಿದವರು ಜಾಝ್ ಕೇಳಿ ಸ್ಯಾಕ್ಸೋಫೋನ್ ಹತ್ತಿರ ಬರ್ತಾರೆ, ನಾನು ಓಲಗ ಕೇಳಿ ಜಾಝ್ ಹತ್ತಿರ ಹೋದೆ. ಮುಂಬೈಯಲ್ಲಿ ಹೋಟೆಲ್ ನಡೆಸುವ ನಮ್ಮ ಚಿಕ್ಕಪ್ಪ ಊರಿಗೆ ಬರುವಾಗ ಕಾಲಾಘೋಡಾದ ರಿದಮ್ ಹೌಸ್‌ನಿಂದ ನಾನು ಬರೆದು ಕೊಟ್ಟ ಸಿಡಿಗಳನ್ನು ತರೋರು. ರೈಲಿಂದ ಇಳಿದ ಕೂಡ್ಲೆ, "ತಕಾ ನಿನ್ ಪೋಂ ಪೋಂ" ಅಂತ ಕೈಗೆ ಕೊಡೋರು. ಆ ಅಂಗಡಿ 2016ರಲ್ಲಿ ಮುಚ್ಚಿತು. ಈಗ ಶುಕ್ರವಾರ ಬಂತು ಅಂದ್ರೆ ಫೋನಿನಲ್ಲೇ ಹೊಸ ಆಲ್ಬಂ. 2015ರಿಂದ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಹೊಸ ಸಂಗೀತ ಬಿಡುಗಡೆಯಾಗೋದು ಶುಕ್ರವಾರವೇ. ನ್ಯೂಯಾರ್ಕಿನವನಿಗೂ ಬೈಂದೂರಿನವನಿಗೂ ಒಂದೇ ದಿನ!

ಕೇಳೋದು ಸುಲಭ ಆಯ್ತು. ಆದ್ರೆ ಕೇಳಿದ್ದನ್ನ ಯಾರ ಹತ್ರ ಹೇಳ್ಕೊಳ್ಳೋದು? ಅದಕ್ಕೆ ನನಗೆ ಸಿಕ್ಕಿದ್ದು ನಮ್ಮ ಶೇರಿಗಾರರು. ನಲವತ್ತು ವರ್ಷದಿಂದ ಮದುವೆ, ಉತ್ಸವಗಳಿಗೆ ಸ್ಯಾಕ್ಸೋಫೋನ್ ಊದುತ್ತಾ ಬಂದವರು. ಹೆಸರು ಬೇಡ, ಅವರಿಗೆ ಸಂಕೋಚ.

ಮೊದಲು ಅವರಿಗೆ ಕೇಳಿಸಿದ್ದು 'ಕಿನ್ಸ್‌ಮೆನ್'. ಬಂಧುಗಳು ಅಂತ ಅರ್ಥ. ಹೊರತಂದದ್ದು 2008ರಲ್ಲಿ ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ (ನಮ್ಮ ಕಡೆಯ ಪೈಗಳದ್ದಲ್ಲ ಮತ್ತೆ!). ಇದರಲ್ಲಿ ಎರಡು ಆಲ್ಟೋ ಸ್ಯಾಕ್ಸೋಫೋನ್. ಒಂದು ಕದ್ರಿಯವರದ್ದು, ಇನ್ನೊಂದು ರುದ್ರೇಶ್ ಮಹಾಂತಪ್ಪ ಅವರದ್ದು. ರುದ್ರೇಶ್ ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೋದಲ್ಲಿ. ಮನೆತನದ ಬೇರು ಕರ್ನಾಟಕದ್ದು ಅಂತ ಹೆಸರೇ ಹೇಳುತ್ತೆ. ಜಾಝ್ ಕಲಿಯುವ ಕಾಲದಲ್ಲಿ ಇವರಿಗೆ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಂ ಕೊಟ್ಟನಂತೆ. ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ಹಾಕಿ ಕೇಳಿದ್ರೆ ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ನಿಂತಿತು. ತಾನು ಊದುವ ವಾದ್ಯದಲ್ಲಿ ಇದೂ ಸಾಧ್ಯವಾ ಅಂತ ಆ ಹುಡುಗ ಬೆರಗಾದ. ಮುಂದೆ ಕದ್ರಿಯವರ ಜೊತೆಗೇ ಕೂತು ನುಡಿಸಿದ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯ ಗಿಟಾರ್ ಎಲ್ಲ ಸೇರಿ ಆದ ಆಲ್ಬಂ ಇದು.

ಶೇರಿಗಾರರು ಕಣ್ಣು ಮುಚ್ಚಿ ಕೇಳಿದರು. ಅರ್ಧ ನಿಮಿಷಕ್ಕೇ, "ಹ್ವಾಯ್, ಇದ್ ಕದ್ರಿಯವ್ರೇ ಅಲ್ದಾ? ಇನ್ನೊಬ್ರ್ ಯಾರ್?" ಅಂದರು. ಹೇಳಿದೆ. ಇನ್ನೂ ಸ್ವಲ್ಪ ಹೊತ್ತು ಕೇಳಿ ಅವರು ಹೇಳಿದ ಮಾತು ನಾನು ಯಾವ ವಿಮರ್ಶೆಯಲ್ಲೂ ಓದಿಲ್ಲ. "ಇವ್ರ್ ಮೆಟ್ಲ್ ಹತ್ತಿ ಇಳಿದಾಂಗ್ ಊದ್ತ್ರ್. ಕದ್ರಿಯವ್ರ್ ಉಯ್ಯಾಲಿ ಆಡ್ತ್ರ್."

ಎಷ್ಟು ಸರಿ ನೋಡಿ! ಜಾಝ್‌ನವರು ಒಂದು ಸ್ವರದಿಂದ ಇನ್ನೊಂದಕ್ಕೆ ಹಾರ್ತಾರೆ, ಒಂದೊಂದು ಸ್ವರವೂ ಬೇರೆ ಬೇರೆ ಮೆಟ್ಟಿಲು. ನಮ್ಮವರು ಎರಡು ಸ್ವರದ ನಡುವಿನ ಜಾಗದಲ್ಲೇ ತೂಗ್ತಾರೆ. ಆ ಆಲ್ಬಂನ 'ಗಣೇಶ', 'ಕಲ್ಯಾಣಿ' ಕೇಳುವಾಗ ಇಷ್ಟು ಗಮನಿಸಿದರೆ ಸಾಕು, ಯಾರು ಎಲ್ಲಿ ಬಂದರು ಅಂತ ಗೊತ್ತಾಗುತ್ತೆ.

ಆಮೇಲೆ ಅವರೇ ಕೇಳೋಕೆ ಶುರು ಮಾಡಿದರು, "ಎಂತಾ ಹೊಸತ್ ಬಂತಾ?" ಅಂತ. ರುದ್ರೇಶ್ ಅವರ 'ಬರ್ಡ್ ಕಾಲ್ಸ್' (2015) ಕೇಳಿಸಿದೆ. ಜಾಝ್‌ನ ದೊಡ್ಡ ಗುರು ಚಾರ್ಲಿ ಪಾರ್ಕರ್‌ಗೆ ಸಲ್ಲಿಸಿದ ನಮಸ್ಕಾರ ಅದು. ಹಾಡಿನ ಮುಖ ಮೊದಲು ಎಲ್ಲರೂ ಸೇರಿ ನುಡಿಸಿ, ಆಮೇಲೆ ಒಬ್ಬೊಬ್ಬರೇ ಮನೋಧರ್ಮದಲ್ಲಿ ಬೆಳೆಸಿ, ಡ್ರಮ್ಸ್‌ನವನಿಗೂ ಒಂದು ಸರದಿ ಕೊಟ್ಟು, ಕೊನೆಗೆ ಮತ್ತೆ ಮುಖಕ್ಕೆ ಬರ್ತಾರೆ ಅಂತ ವಿವರಿಸಿದೆ. "ತನಿ ಬಿಟ್ಟಾಂಗೇ ಆಯ್ತಲ್ದಾ" ಅಂದರು. ಅಷ್ಟೇ, ಜಾಝ್ ಪಾಠ ಮುಗೀತು.

2020ರ ಜೂನ್‌ನಲ್ಲಿ 'ಹೀರೋ ಟ್ರಯೋ' ಬಂತು. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್ ಮೂರೇ. ಕೊರೋನಾ ಕಾಲ. ಆ ವರ್ಷ ಮದುವೆಗಳು ಮನೆಯ ಅಂಗಳದಲ್ಲಿ ಬೆರಳೆಣಿಕೆ ಜನರಲ್ಲಿ ಮುಗಿದವು, ಉತ್ಸವಗಳು ನಿಂತವು. ಶೇರಿಗಾರರ ಸ್ಯಾಕ್ಸೋಫೋನ್ ಪೆಟ್ಟಿಗೆಯಲ್ಲೇ ಇತ್ತು. ಹೊರಗೆ ಜಡಿಮಳೆ. ಫೋನಿನಲ್ಲಿ ಕೇಳಿಸಿದೆ. ಮುಗಿದ ಮೇಲೆ, "ಜನ ಕಮ್ಮಿ ಇದ್ರೂ ಊದುಲಕ್ಕ್ ಅಂತಾಯ್ತ್" ಅಂದರು. ಅಷ್ಟು ಹೇಳಿ ಸುಮ್ಮನಾದರು.

ನಿಜವಾಗಿ ನನ್ನ ತಲೆ ಕೆಡಿಸಿದ್ದು ಅದರ ನಂತರದ ಒಂದು ಆಲ್ಬಂ. ಜಾನ್ ಕೋಲ್ಟ್ರೇನ್ ಅಂತ ಇನ್ನೊಬ್ಬ ದೊಡ್ಡವರು. ತೀರಿಕೊಂಡದ್ದು 1967ರಲ್ಲಿ. ರವಿಶಂಕರ್ ಮೇಲಿನ ಅಭಿಮಾನಕ್ಕೆ ಮಗನಿಗೆ ರವಿ ಅಂತ ಹೆಸರಿಟ್ಟವರು. ಅವರ ಹೊಸ ಆಲ್ಬಂಗಳು ಈಗಲೂ ಬರ್ತಿವೆ! 2018ರಲ್ಲಿ ಒಂದು, 2021ರಲ್ಲಿ ಒಂದು. 2023ರಲ್ಲಿ ಬಂದದ್ದು 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ಗೇಟ್ ಅನ್ನುವ ಕ್ಲಬ್ಬಿನಲ್ಲಿ ನುಡಿಸಿದ್ದು. ಆ ಟೇಪು ಊರಿನ ಸಾರ್ವಜನಿಕ ಗ್ರಂಥಾಲಯದ ಸಂಗ್ರಹದಲ್ಲಿತ್ತು.

"ಸತ್ತ್ ಹೋದವ್ರ್ ಹೊಸ ಆಲ್ಬಂ ಹ್ಯಾಂಗ್ ಬತ್ತ್ ಮಾಣಿ?" ಅಂತ ಕೇಳಿದರು ಶೇರಿಗಾರರು. ಯಾರೋ ಟೇಪ್ ಮಾಡಿದ್ರು, ಯಾರೋ ಜೋಪಾನ ಮಾಡಿದ್ರು, ಯಾರೋ ಹುಡುಕಿದ್ರು ಅಂದೆ. ಅವರು ಎಲೆ ಅಡಿಕೆ ಮೆಲ್ಲುತ್ತಾ ಸ್ವಲ್ಪ ಹೊತ್ತು ಕೂತರು. "ನಾನ್ ನಲ್ವತ್ ವರ್ಷ ಊದಿದೆ. ಹುಡ್ಕಿರೆ ಎಲ್ಲಿ ಸಿಕ್ಕತ್ತ್?"

ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು, ಅವರೇ ಊದಿದ್ದ ನಮ್ಮನೆ ಮದುವೆಯ ವೀಡಿಯೋ ಹಾಕಿ ನೋಡಿದೆ. ಅವರು ಕೆನ್ನೆ ಉಬ್ಬಿಸಿ ಊದ್ತಿದ್ದಾರೆ, ಬೆರಳು ಓಡ್ತಿವೆ. ಆದ್ರೆ ಕೇಳ್ತಿರೋದು ಯಾವುದೋ ಸಿನಿಮಾ ಹಾಡು! ವೀಡಿಯೋದವರು ಚೆಂದ ಕಾಣ್ಲಿ ಅಂತ ಓಲಗ ತೆಗೆದು ಹಾಡು ಹಾಕಿದ್ದಾರೆ. ನಂಟರಿಷ್ಟರ ಮನೆಯ ವೀಡಿಯೋಗಳನ್ನೂ ನೋಡಿದೆ, ನಾಲ್ಕರಲ್ಲಿ ಮೂರು ಹಾಗೇ. ನಲವತ್ತು ವರ್ಷ ಊದಿದವರು ನಮ್ಮ ಮನೆಗಳಲ್ಲಿ ಮೂಕರಾಗಿ ಉಳಿದಿದ್ದಾರೆ.

ಕದ್ರಿಯವರ ಆಲ್ಬಂ ಒಂದು ಅಂಗಡಿಯಲ್ಲಿ ಸಿಕ್ಕಿತ್ತು ಅನ್ನೋ ಕಾರಣಕ್ಕೆ ಅಮೆರಿಕದ ಒಬ್ಬ ಹುಡುಗನ ದಾರಿ ಬದಲಾಯ್ತು. ತಮಾಷೆಗೆ ಕೊಡೋಕಾದ್ರೂ ಮೊದಲು ಒಂದು ಆಲ್ಬಂ ಇರಬೇಕಲ್ವಾ?

ಈಗ ತಿಂಗಳಿಗೆ ಒಂದೆರಡು ಸಲ ಶೇರಿಗಾರರ ಜಗಲಿಗೆ ಹೋಗ್ತೇನೆ. ಫೋನನ್ನು ಅವರಿಂದ ನಾಲ್ಕು ಮಾರು ದೂರ, ಹತ್ತಿಯ ದಿಂಬಿನ ಮೇಲೆ ಇಡ್ತೇನೆ. ಹತ್ತಿರ ಇಟ್ಟರೆ ಶಬ್ದ ಒಡೆಯುತ್ತೆ. ನಡುವೆ ಕರೆ ಬಾರದಂತೆ ಮಾಡಿಡ್ತೇನೆ. ಮೊದಲು ಹೆಸರು, ಊರು, ತಾರೀಕು, ರಾಗ ಹೇಳಿಸ್ತೇನೆ. ಆಮೇಲೆ ಅವರದ್ದೇ ರಾಜ್ಯ. ಹಿಂದೆ ಕಾಗೆ ಕೂಗುತ್ತೆ, ಹೆದ್ದಾರಿಯ ಲಾರಿ ಹೋಗುತ್ತೆ. ಇರಲಿ ಬಿಡಿ, ಕ್ಲಬ್ಬಿನ ಟೇಪುಗಳಲ್ಲಿ ಗ್ಲಾಸಿನ ಸದ್ದೂ ಇರುತ್ತಲ್ಲ! ಇಲ್ಲಿಯವರೆಗೆ ಹನ್ನೊಂದು ರಾಗ ಆಗಿದೆ. ಅವರ ಮಗನ ಹತ್ರ ಒಂದು ಪ್ರತಿ, ನನ್ನ ಹತ್ರ ಒಂದು.

ನಿಮ್ಮಲ್ಲೊಂದು ಕೋರಿಕೆ. ಮುಂದಿನ ಮದುವೆಗೆ ವೀಡಿಯೋದವರನ್ನ ಗೊತ್ತು ಮಾಡುವಾಗ ಒಂದು ಮಾತು ಹೇಳಿ: ಓಲಗದ ಧ್ವನಿ ತೆಗೀಬೇಡಿ ಅಂತ. ಊದಿದವರ ಹೆಸರನ್ನೂ ಕೇಳಿ ಬರೆದಿಡಿ.